ಓದಿದವರ ರುಜು

ಸಾವಧಾನಪ್ಪನವರ ಪ್ರೆಸ್ಸಿನಲ್ಲಿ ಒಂದು ಕಟ್ಟಳೆಯಿತ್ತು. ಪುಸ್ತಕ ಎಷ್ಟೇ ದಪ್ಪವಿರಲಿ, ಬರೆದವರು ಎಷ್ಟೇ ದೊಡ್ಡವರಿರಲಿ, ಕೊನೆಯ ಪ್ರೂಫನ್ನು ಇಬ್ಬರು ಎದುರುಬದುರು ಕೂತು ಓದಬೇಕು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣು ನೆಟ್ಟು ಕೆಂಪು ಪೆನ್ನು ಹಿಡಿದು ಕೂರುವುದು. ಬರೀ ಅಕ್ಷರವಲ್ಲ, ಕಾಮಾ, ಸ್ಟಾಪು, ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಯಾರದಾದರೂ ಮಾತು ಶುರುವಾದರೆ ‘ಕೋಟು ತೆಗಿ’, ಮುಗಿದರೆ ‘ಕೋಟು ಮುಚ್ಚು’. ಒಂದೊಂದು ಕಥೆಯ ಕೊನೆಯ ಪುಟದ ಅಡಿಯಲ್ಲೂ ಎರಡು ರುಜು: ‘ಓದಿದವರು’, ‘ನೋಡಿದವರು’. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಕಥೆ ಯಂತ್ರಕ್ಕೆ ಹೋಗುವಂತಿಲ್ಲ.

“ಕಣ್ಣು, ಅನ್ನೋದು, ಮಹಾ ಸುಳ್ಳುಬುರುಕ, ಕಣಮ್ಮಾ,” ಎನ್ನುತ್ತಿದ್ದರು ಸಾವಧಾನಪ್ಪ. “ಇರಬೇಕಾದ್ದನ್ನ, ಓದುತ್ತೆ. ಇರೋದನ್ನ, ಓದಲ್ಲ.” ಅವರ ಮಾತೇ ಹಾಗೆ, ಪದಕ್ಕೊಂದು ಕಾಮಾ. ಅವರು ‘ಬೆಂಕಿ ಬಿದ್ದಿದೆ’ ಎನ್ನುವಷ್ಟರಲ್ಲಿ ಅರ್ಧ ಪ್ರೆಸ್ಸು ಬೂದಿಯಾಗಿರುತ್ತದೆ ಎಂದು ಗಿಳಿ ಅವರದೇ ದನಿಯಲ್ಲಿ ಅವರೆದುರಿಗೇ ಹೇಳಿ ಅವರನ್ನೇ ನಗಿಸಿದ್ದಳು.

ಅವಳಿಗೆ ಗಿಳಿ ಎಂದು ಹೆಸರು ಬಿದ್ದದ್ದೂ ಇದರಿಂದಲೇ. ಯಾರ ದನಿಯಾದರೂ ಸರಿ, ಎರಡು ಸಲ ಕಿವಿಗೆ ಬಿದ್ದರೆ ಮೂರನೆಯ ಸಲ ಅವಳ ಬಾಯಿಂದ ಬರುತ್ತಿತ್ತು. ಹೊಟ್ಟೆಪಾಡಿಗೂ ದನಿಯೇ: ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ಕೂಗುವ ಕೆಲಸ. ನಡುನಡುವೆ ಕೈಗೆ ಸಿಕ್ಕ ಬಿಡುವಿನಲ್ಲಿ ಆರು ವರ್ಷ ಕೂತು ಹನ್ನೊಂದು ಕಥೆ ಬರೆದಿದ್ದಳು. ಮೊದಲ ಪುಸ್ತಕ. ಎಂಟು ಕಥೆಗಳ ಓದು ಪ್ರೆಸ್ಸಿನಲ್ಲೇ ಮುಗಿದಿತ್ತು. ಉಳಿದದ್ದು ಮೂರು; ಪ್ರೂಫು, ಮೂಲಪ್ರತಿ ಎರಡೂ ಈಗ ಅವಳ ಬಳಿಯೇ ಇದ್ದವು.

ಆ ದಿನ ಮಧ್ಯಾಹ್ನ ಒಂದಕ್ಕೆ ಫೋನು ಬಂತು.

“ನಮ್ಮ, ಓದೋ ಅಮ್ಮನಿಗೆ, ಹಲ್ಲು, ಕಿತ್ತುಬಿಟ್ಟಿದಾರೆ. ಬಾಯಿ ತುಂಬ, ಹತ್ತಿ. ಮನೇಲಿ, ಯಾರಾದ್ರೂ, ಓದೋರಿದ್ರೆ, ಕೂರಿಸ್ಕೊಂಡು, ಮುಗಿಸಿ, ನಾಲ್ಕಕ್ಕೆ, ತಂದುಬಿಡಿ. ನಾಲ್ಕು ದಾಟಿದ್ರೆ, ಯಂತ್ರ, ಶಾಲೆ ಪುಸ್ತಕಕ್ಕೆ, ಹೋಗುತ್ತೆ. ಆಮೇಲೆ, ಮೂರು ತಿಂಗಳು, ನನ್ನ ಕೈಲೂ, ಇಲ್ಲ.”

“ಸರ್, ಒಂದು ಕಥೆ ತೆಗೆದುಬಿಟ್ರೆ ಆಗುತ್ತಾ? ಒಂಬತ್ತನೇದು?”

ಆ ಕಡೆ ಪುಟ ಮಗುಚಿದ ಸದ್ದು. “ಪುಸ್ತಕ ನಿಂತಿರೋದೇ, ಅದರ ಮೇಲೆ. ತೆಗೆದ್ರೆ, ಪುಟ ಎಲ್ಲಾ, ಹೊಸದಾಗಿ, ಕಟ್ಟಬೇಕು. ಇವತ್ತಿಗೆ, ಆಗದ ಮಾತು.”

ಗಿಳಿ ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಅತ್ತಿಗೆ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ನಿಂತಿದ್ದರು.

“ಓದೋರು ಬೇಕಂತಾ? ನನಗಿವತ್ತು ರಜಾ. ಬಾ, ನಾನು ಓದ್ತೀನಿ.”

ಲೋಕದಲ್ಲಿ ಆ ಒಂಬತ್ತನೆಯ ಕಥೆಯನ್ನು ಯಾರು ಬೇಕಾದರೂ ಓದಬಹುದಿತ್ತು, ಅತ್ತಿಗೆಯೊಬ್ಬರನ್ನು ಬಿಟ್ಟು.

ನಡೆದದ್ದಿಷ್ಟು. ಗಿಳಿಯ ಕೋಣೆಗೂ ಮನೆಯ ಬಚ್ಚಲಿಗೂ ನಡುವೆ ಒಂದೇ ಗೋಡೆ. ಹೋದ ವರ್ಷ ಒಂದು ಮಧ್ಯಾಹ್ನ ಆಚೆ ನಲ್ಲಿ ಜೋರಾಗಿ ಬಿಟ್ಟ ಸದ್ದು. ಅದರೊಳಗಿಂದ ಅತ್ತಿಗೆಯ ದನಿ. ಯಾರ ಜೊತೆಗೋ ಮಾತಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ, ಬೇರೆ ಬೇರೆ ರಾಗದಲ್ಲಿ ಹೇಳಿ ನೋಡುತ್ತಿದ್ದರು. ದನಿ ಕದಿಯುವವಳಿಗೆ ಅದು ತಕ್ಷಣ ತಿಳಿಯಿತು: ಇದು ತಾಲೀಮು. ಆಸ್ಪತ್ರೆಯಲ್ಲಿ ಹಿರಿಯ ನರ್ಸಾಗಿದ್ದ ಅತ್ತಿಗೆಗೆ ದೂರದ ಊರಿನ ನರ್ಸಿಂಗ್ ಶಾಲೆಯಿಂದ ಎರಡು ವರ್ಷ ಬಂದು ಕಲಿಸಿ ಎಂದು ಕಾಗದ ಬಂದಿತ್ತು. ಒಂದು ಕಾಗದ ಬಂದಿದೆ ಎಂದಷ್ಟೇ ಅಣ್ಣನಿಗೆ ಹೇಳಿದ್ದರು, ಹೋಗುವ ಮಾತನ್ನು ಹೇಳುವುದಕ್ಕೆ ಈ ತಾಲೀಮು. ಹದಿನೇಳು ಸಲ. ಗಿಳಿ ಎಣಿಸಿದ್ದಳು. ಆಮೇಲೆ ನಲ್ಲಿ ನಿಂತಿತು, ಅತ್ತಿಗೆ ಮುಖ ಒರೆಸಿಕೊಂಡು ಬಂದು ಚಹಾ ಮಾಡಿದರು. ಕಾಗದದ ಗಡುವು ದಾಟಿತು. ಹೇಳಬೇಕಾದ ಮಾತು ಬಚ್ಚಲಿನ ನೀರಿನ ಜೊತೆ ಹರಿದುಹೋಯಿತು.

ಗಿಳಿ ಮಾತ್ರ ಅದನ್ನು ಹರಿಯಗೊಡಲಿಲ್ಲ. ಬೊಗಸೆಯೊಡ್ಡಿ ಹಿಡಿದು ಕಥೆ ಮಾಡಿದಳು. ನರ್ಸನ್ನು ಟೀಚರ್ ಮಾಡಿದಳು, ಗಡಿಯಾರ ರಿಪೇರಿಯ ಅಣ್ಣನನ್ನು ದರ್ಜಿ ಮಾಡಿದಳು, ಬಚ್ಚಲನ್ನು ಮಹಡಿಯ ನೀರಿನ ತೊಟ್ಟಿಯ ಹತ್ತಿರಕ್ಕೆ ಸಾಗಿಸಿದಳು. ಎಲ್ಲ ಬದಲಾಯಿಸಿದಳು, ಮಾತೊಂದನ್ನು ಬಿಟ್ಟು. ಅಷ್ಟು ಚೆಂದ ಕಿವಿಗೆ ಬಿದ್ದ ಮಾತನ್ನು ತಿದ್ದಲು ಅವಳಿಗೆ ಕೈ ಬರಲಿಲ್ಲ. ಕದ್ದ ಒಡವೆಯನ್ನು ಕರಗಿಸಿದ ಹಾಗೆ ಮಾಡಿ, ಕಡೆಗೆ ಅದರ ಮೇಲಿನ ಹೆಸರನ್ನು ಹಾಗೇ ಉಳಿಸಿದ್ದಳು.

“ಏನೇ, ಗರ ಬಡಿದೋಳ ಥರ ನಿಂತಿದೀಯ?” ಅತ್ತಿಗೆ ಆಗಲೇ ಕನ್ನಡಕ ಹುಡುಕುತ್ತಿದ್ದರು. “ತಾ ಕಾಗದ.”

“ತರ್ತೀನಿ, ಒಂದು ನಿಮಿಷ.”

ಗಿಳಿ ಕೋಣೆಗೆ ಓಡಿ, ಮೂಲಪ್ರತಿಯಿಂದ ಒಂಬತ್ತನೆಯ ಕಥೆಯ ಹಾಳೆಗಳನ್ನು ಎಳೆದು ಹಾಸಿಗೆಯಡಿ ತುರುಕಿದಳು. ಉಳಿದೆರಡನ್ನು ಓದಿ ಮುಗಿಸೋಣ, ಪ್ರೆಸ್ಸಿಗೆ ಹೋಗಿ ಹತ್ತಿ ತುಂಬಿದ ಬಾಯಿಯಿಂದಲಾದರೂ ಆ ಒಂದು ಕಥೆ ಓದಿಸಿಕೊಳ್ಳೋಣ, ಅತ್ತಿಗೆಗೆ ಪುಸ್ತಕ ಕೈಗೆ ಬಂದಾಗ ಬಂದದ್ದನ್ನು ಎದುರಿಸೋಣ. ಇದು ಅವಳ ಲೆಕ್ಕ. ಅತ್ತಿಗೆಯದು ಬೇರೆ ಲೆಕ್ಕ.

ಊಟದ ಮೇಜಿಗೆ ಹಾಳೆಗಳನ್ನು ಕುಟ್ಟಿ ಅಂಚು ಸರಿಮಾಡುತ್ತ ಅತ್ತಿಗೆ ಹೆಬ್ಬೆರಳಿಂದ ಪುಟ ಹಾರಿಸಿದರು. “ಐವತ್ತೆಂಟಾದ ಮೇಲೆ ಎಪ್ಪತ್ತೊಂದಿದೆ. ಹನ್ನೆರಡು ಪುಟ ಎಲ್ಲಿ?”

“ಅದು ಪ್ರೆಸ್ಸಲ್ಲೇ ಓದಿ ಆಯ್ತು ಅತ್ತಿಗೆ.”

“ಹೌದಾ? ಸರಿ. ಆಪರೇಷನ್ ಆದ್ಮೇಲೆ ಹತ್ತಿ ಉಂಡೆ ಎಣಿಸೋಳು ನಾನು. ಕಮ್ಮಿ ಬಂತು ಅಂದ್ರೆ ಒಳಗೆ ಬಿಟ್ಟು ಹೊಲಿದಿದಾರೆ ಅಂತ. ಅದಕ್ಕೆ ಕೇಳಿದೆ.”

ಗಿಳಿ ನಕ್ಕಳು. ನಗು ಅವಳದೇ ಆಗಿತ್ತಾದರೂ ಬೇರೆ ಯಾರದೋ ನಗುವನ್ನು ಅನುಕರಿಸಿದ ಹಾಗಿತ್ತು.

ಓದು ಶುರುವಾಯಿತು. ಪಕ್ಕದ ಕೋಣೆಯಲ್ಲಿ ಅಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಗಡಿಯಾರಗಳ ಹೊಟ್ಟೆ ಬಗೆಯುತ್ತಿದ್ದ. ನಡುವೆ ಬಾಗಿಲಿಲ್ಲ, ಒಂದು ಪರದೆ ಮಾತ್ರ. ಗೋಡೆಯ ಮೇಲೆ, ಕಪಾಟಿನಲ್ಲಿ, ಮೇಜಿನಡಿ, ಎಲ್ಲ ಕಡೆಯಿಂದ ಟಿಕ್ ಟಿಕ್. ರಿಪೇರಿಗೆ ಬಂದವಾದ್ದರಿಂದ ಒಂದರ ಹೊತ್ತು ಇನ್ನೊಂದಕ್ಕಿರಲಿಲ್ಲ. ಆದರೂ ಎಲ್ಲವೂ ನಾಲ್ಕು ಗಂಟೆಯ ಕಡೆಗೇ ಓಡುತ್ತಿವೆ ಎಂದು ಗಿಳಿಗೆ ಅನ್ನಿಸುತ್ತಿತ್ತು.

ಅತ್ತಿಗೆ ರೋಗಿಯ ಚಾರ್ಟು ಓದುವವರಂತೆ ಏರಿಳಿತವಿಲ್ಲದೆ, ಒಂದಕ್ಷರ ನುಂಗದೆ ಓದುತ್ತಿದ್ದರು. ಅಂಥ ಓದುಗರು ಸಾವಧಾನಪ್ಪನವರಿಗೆ ಜನ್ಮದಲ್ಲಿ ಸಿಕ್ಕಿರಲಾರರು. ಆದರೆ ಬಾಯಿ ಸುಮ್ಮನಿರಬೇಕಲ್ಲ.

“ಏನೇ ಇದು, ಸಾಲಿಗೆ ಮೂರು ಕಾಮಾ! ಮದುವೆ ಬೇಡ ಅನ್ನೋಳ ಪುಸ್ತಕದಲ್ಲಿ ಇಷ್ಟೊಂದು ಕಾಮಾನಾ?”

“ಅತ್ತಿಗೆ, ಓದಿ!”

“ಕೋಟು ತೆಗಿ. ಅಲ್ಲ, ತೆಗಿ ಅಂದ್ರೆ ಬಿಚ್ಚೋದಾ, ತೆರೆಯೋದಾ? ಈ ಸೆಖೇಲಿ ಪಾಪ ಯಾರಪ್ಪ ಕೋಟು ಹಾಕ್ಕೊಂಡಿರೋನು?”

ಪರದೆಯಾಚೆ ಅಣ್ಣ ಮೂಗಿನಲ್ಲೇ ನಕ್ಕದ್ದು ಕೇಳಿಸಿತು. ಬೇರೆ ದಿನವಾಗಿದ್ದರೆ ಗಿಳಿಯೂ ನಾಲ್ಕು ಸೇರಿಸುತ್ತಿದ್ದಳು. ಇವತ್ತು ಕೆಂಪು ಪೆನ್ನನ್ನು ಸಾಲಿನಿಂದ ಮೇಲೆತ್ತಲಿಲ್ಲ.

ಹತ್ತನೆಯ ಕಥೆ ಮುಗಿಯಿತು, ಹನ್ನೊಂದನೆಯದೂ ಮುಗಿಯಿತು. ಮೂರು ಗಂಟೆ ಐದು ನಿಮಿಷ. ಗಿಳಿ ಪ್ರೂಫಿನ ಕಟ್ಟನ್ನು ತನ್ನ ಕಡೆ ಎಳೆದುಕೊಳ್ಳಲು ಕೈ ಚಾಚಿದಳು.

“ತಾಳೇ, ರುಜು ಮಾಡ್ಬೇಕಲ್ಲ,” ಎಂದು ಅತ್ತಿಗೆ ಕಟ್ಟನ್ನೇ ತಮ್ಮ ಕಡೆ ತಿರುಗಿಸಿಕೊಂಡರು. ಎರಡು ಕಡೆ ರುಜು ಹಾಕಿದರು; ಪಕ್ಕದಲ್ಲಿ, ಆಸ್ಪತ್ರೆಯ ರೂಢಿಯಂತೆ, ಹೊತ್ತನ್ನೂ ಬರೆದರು. ಆಮೇಲೆ ಕೈ ಸುಮ್ಮನಿರದೆ ಹಿಂದಕ್ಕೆ ಪುಟ ಮಗುಚಿದರು. ಎಂಟನೆಯ ಕಥೆಯ ಕೊನೆ: ಎರಡು ರುಜು. ಒಂಬತ್ತನೆಯ ಕಥೆಯ ಕೊನೆ: ಬೋಳು.

“ಇದಕ್ಕೆ ಆಗಿಲ್ವಲ್ಲೇ.”

“ಅದು… ಅವರು ಮರೆತಿರ್ಬೇಕು.”

“ಇಬ್ಬರೂ ಮರೆತ್ರಾ? ಓದಿದೋರು ಮರೆತ್ರು, ನೋಡಿದೋಳು ನೀನೂ ಮರೆತೆ?” ಅತ್ತಿಗೆ ಕನ್ನಡಕದ ಮೇಲಿಂದ ನೋಡಿದರು. ಜ್ವರ ಇಲ್ಲ ಎನ್ನುವ ಮಕ್ಕಳನ್ನು ನೋಡುವ ನೋಟ. “ಹನ್ನೆರಡು ಪುಟ ತಗೊಂಡು ಬಾ.”

“ಹೊತ್ತಿಲ್ಲ ಅತ್ತಿಗೆ, ನಾಲ್ಕಕ್ಕೆ…”

“ನೀನು ನಿಂತು ವಾದ ಮಾಡೋ ಹೊತ್ತಲ್ಲಿ ಎರಡು ಪುಟ ಆಗಿರೋದು. ರುಜು ಇಲ್ದಿದ್ರೆ ಅವರು ತಗೊಳಲ್ಲ ಅಂತ ನೀನೇ ಹೇಳಿದ್ದು. ಆರು ವರ್ಷ ನಿನಗೆ ಚಹಾ ಕಾಸಿಕೊಟ್ಟಿದೀನಿ ಈ ಪುಸ್ತಕಕ್ಕೆ. ಹೋಗು.”

ಹಾಸಿಗೆಯಡಿಯಿಂದ ಹಾಳೆ ಎಳೆಯುವಾಗ ಗಿಳಿಗೆ ಹರಿದುಹಾಕಿಬಿಡೋಣವೇ ಎನ್ನಿಸಿತು. ಹರಿದರೆ ಪುಸ್ತಕವಿಲ್ಲ, ಕೊಟ್ಟರೆ ಅತ್ತಿಗೆ ಇಲ್ಲ. ಅಮ್ಮ ತೀರಿಕೊಂಡ ವರ್ಷವೇ ಈ ಮನೆಗೆ ಬಂದು, ‘ನಾದಿನಿ’ ಎನ್ನದೆ ‘ನಮ್ಮ ಹುಡುಗಿ’ ಎಂದು ಹೇಳಿಕೊಂಡು ತಿರುಗಿದ ಹೆಂಗಸು. ಅವರ ಗುಟ್ಟನ್ನು ಗೋಡೆಗೆ ಕಿವಿಯಾನಿಸಿ ಕದ್ದು ಅಚ್ಚಿಗೆ ಕೊಟ್ಟವಳು ತಾನು. ಅದೂ ಪರದೆಯಾಚೆ ಗಂಡ ಕೂತಿರುವಾಗ ಅವರದೇ ಬಾಯಿಂದ ಓದಿಸಲು ಹೊರಟಿದ್ದಾಳೆ. ಹೊರಗಿನಿಂದ “ಏನೇ, ಮೊಟ್ಟೆ ಇಡ್ತಿದೀಯಾ ಅಲ್ಲಿ?” ಎಂದು ಕೂಗು ಬಂತು. ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟಳು.

ಮೊದಲ ಮೂರು ಪುಟ ಸುಸೂತ್ರವಾಗಿ ಹೋಯಿತು. ಟೀಚರಮ್ಮ, ದರ್ಜಿ ಗಂಡ, ದೂರದ ಶಾಲೆಯ ಕಾಗದ. ಅತ್ತಿಗೆಯ ದನಿ ಚಾರ್ಟಿನ ಮೇಲೆ ಚಾರ್ಟು ದಾಟುತ್ತಿತ್ತು. ನಾಲ್ಕನೆಯ ಪುಟದಲ್ಲಿ ಟೀಚರಮ್ಮ ಗಂಡನ ಹತ್ತಿರ ಹೋಗಿ ಒಂದು ಕಾಗದ ಬಂದಿದೆ ಎಂದಳು. “ಹೊಲಿಗೆಯಿಂದ ತಲೆಯೆತ್ತದೆ ಅವನೆಂದ ಕಾಮಾ ಕೋಟು ತೆಗಿ ನೋಡೋಣ ಸ್ಟಾಪ್ ಕೋಟು ಮುಚ್ಚು.”

ಪರದೆಯಾಚೆ ಚಿಮಟ ಕೆಳಗೆ ಬಿದ್ದ ಸದ್ದಾಯಿತು.

ಅಣ್ಣನ ‘ನೋಡೋಣ’ ಮನೆಗೆಲ್ಲ ಪರಿಚಿತ. ಅದರಲ್ಲಿ ಏಳು ಬಗೆ. ಆಗಲ್ಲ ಎಂಬ ನೋಡೋಣ, ಕೇಳಿಸಲಿಲ್ಲ ಎಂಬ ನೋಡೋಣ, ನಾಳೆ ನೆನಪಿಸು ಎಂಬ ನೋಡೋಣ. ಏಳನ್ನೂ ಗಿಳಿ ಆಡಿ ತೋರಿಸಿ ಮನೆಮಂದಿಯನ್ನು ನಗಿಸುತ್ತಿದ್ದಳು. ಈಗ ಯಾರೂ ನಗಲಿಲ್ಲ. ಅತ್ತಿಗೆ ಪುಟ ಮಗುಚಿದರು.

“ಪ್ಯಾರಾ. ಅವಳು ಮಹಡಿಗೆ ಹೋಗಿ ತೊಟ್ಟಿಯ ನಲ್ಲಿ ಜೋರಾಗಿ ತಿರುಗಿಸಿದಳು ಸ್ಟಾಪ್. ಕೋಟು ತೆಗಿ ನಾನು ಹೋಗ್ಬೇಕು ಅಂತಿದೀನಿ ಸ್ಟಾಪ್ ಹಾಗಲ್ಲ ಕಾಮಾ ಹಾಗಲ್ಲ ಸ್ಟಾಪ್ ನಾನು ಹೋಗ್ಲಾ…”

ಚಾರ್ಟಿನ ದನಿ ಅಲ್ಲಿ ಸೀಳಿತು. ‘ಹಾಗಲ್ಲ, ಹಾಗಲ್ಲ’ ಎನ್ನುವಾಗ ಅತ್ತಿಗೆಯ ನಾಲಿಗೆ ತಾನಾಗಿ ಲೊಚಗುಟ್ಟಿತ್ತು. ಪುಟದಲ್ಲಿ ಆ ಲೊಚಗುಟ್ಟುವಿಕೆ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ತಮ್ಮ ಬಟ್ಟೆಯನ್ನು ಬೇರೆಯವರ ಮೈಮೇಲೆ ನೋಡಿದ ಹಾಗೆ, ಅತ್ತಿಗೆ ಹಾಳೆಯನ್ನು ದೂರ ಹಿಡಿದು ನೋಡಿದರು. ಗಿಳಿ ಪ್ರೂಫಿನಿಂದ ತಲೆಯೆತ್ತಲಿಲ್ಲ. ಒಂದೇ ಸಾಲನ್ನು ಬೆರಳಿಂದ ಒತ್ತಿಹಿಡಿದು ಕೂತಳು.

ಟಿಕ್ ಟಿಕ್ ಟಿಕ್.

ಅತ್ತಿಗೆ ಮತ್ತೆ ಶುರುಮಾಡಿದರು. ನಿಲ್ಲಿಸುತ್ತಾರೆ ಎಂದುಕೊಂಡಿದ್ದಳು ಗಿಳಿ, ನಿಲ್ಲಿಸಲಿಲ್ಲ. ಒಂದನೆಯ ಸಲ, ನಾಲ್ಕನೆಯ ಸಲ, ಒಂಬತ್ತನೆಯ ಸಲ. ಬೇಡಿಕೊಂಡ ಹಾಗೆ, ಸಿಟ್ಟಾದ ಹಾಗೆ, ತಮಾಷೆಗೆ ಹೇಳಿದ ಹಾಗೆ. ಪ್ರತಿ ಕಾಮಾ, ಪ್ರತಿ ಸ್ಟಾಪು ಲೋಪವಿಲ್ಲದೆ. ಪರದೆಯಾಚೆ ಕೆಲಸದ ಸದ್ದು ಪೂರ್ತಿ ನಿಂತಿತ್ತು. ಕೊನೆಯ ಪುಟಕ್ಕೆ ಬಂದರು. “ನಲ್ಲಿ ನಿಲ್ಲಿಸಿ ಕಾಮಾ ಮುಖ ಒರೆಸಿಕೊಂಡು ಕಾಮಾ ಕೆಳಗಿಳಿದು ಬಂದು ಅವಳು ಚಹಾಕ್ಕೆ ನೀರಿಟ್ಟಳು ಸ್ಟಾಪ್. ಮುಗಿಯಿತು.”

ಮೂರೂವರೆ ದಾಟಿತ್ತು. ಅತ್ತಿಗೆ ಕನ್ನಡಕ ತೆಗೆದು ಹಾಳೆಯ ಮೇಲಿಟ್ಟರು.

“ಹದಿನೇಳು ಸಲ,” ಎಂದರು, ಮೆಲ್ಲಗೆ. “ನನಗೇ ಲೆಕ್ಕ ಇರಲಿಲ್ಲ.”

“ಅತ್ತಿಗೆ…”

“ಚೆನ್ನಾಗಿ ಬರೆದಿದೀಯ. ಅದಲ್ಲ ಮಾತು. ಹದಿನೇಳು ಸಲ ಎಣಿಸ್ತಾ ಕೂತೋಳಿಗೆ ಒಂದು ಸಲ ಗೋಡೆ ತಟ್ಟೋಕಾಗ್ಲಿಲ್ವಾ? ‘ಅತ್ತಿಗೆ, ಏನಾಯ್ತು’ ಅಂತ?”

ಊರಿನ ಯಾರ ದನಿಯಲ್ಲಿ ಬೇಕಾದರೂ ಮಾತಾಡಬಲ್ಲ ಗಿಳಿ ಆಗ ತನ್ನದೇ ದನಿಯಲ್ಲಿ ಹೇಳಿದಳು: “ತೆಗೆದುಬಿಡ್ತೀನಿ. ಪುಸ್ತಕ ಬೇಡ. ಈಗಲೇ ಫೋನು ಮಾಡ್ತೀನಿ.”

ಅವಳು ಎದ್ದೂಬಿಟ್ಟಳು. ಅತ್ತಿಗೆ ಅವಳ ಮುಂಗೈ ಹಿಡಿದರು. ನಾಡಿ ನೋಡುವ ಹಿಡಿತ, ಬಿಡಿಸಿಕೊಳ್ಳುವ ಹಾಗಿರಲಿಲ್ಲ.

“ಕೂತ್ಕೊ. ತೆಗೀಬೇಡ. ಕೊನೆ ಮಾತ್ರ ತಪ್ಪಾಗಿದೆ.”

“ಆದರೆ ಹಾಗೇ ಅಲ್ವಾ ಆಗಿದ್ದು…”

“ಹೋದ ವರ್ಷ ಹಾಗಾಗಿದ್ದು. ಪೆನ್ನು ಹಿಡಿ.”

ಗಿಳಿ ಪೆನ್ನು ಹಿಡಿದಳು. ಅತ್ತಿಗೆ ಮೂಲಪ್ರತಿಯ ಕೊನೆಯ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು, ಅದರ ಖಾಲಿ ಬೆನ್ನನ್ನು ತಿರುಗಿಸಿ ಕಣ್ಣೆದುರು ಹಿಡಿದರು. ಏನೂ ಬರೆಯದ ಹಾಳೆಯಿಂದ ಓದತೊಡಗಿದರು.

“ಪ್ಯಾರಾ. ಮುಂದಿನ ವರ್ಷ ಅದೇ ಕಾಗದ ಮತ್ತೆ ಬಂತು ಸ್ಟಾಪ್. ಈ ಸಲ ಅವಳು ಮಹಡಿಗೆ ಹೋಗಲಿಲ್ಲ ಕಾಮಾ ನಲ್ಲಿ ತಿರುಗಿಸಲಿಲ್ಲ ಸ್ಟಾಪ್.” ದನಿ ಮೊದಲಿನಂತೆ ಚಾರ್ಟಿನದೇ. “ಗಂಡ ಪಕ್ಕದ ಕೋಣೆಯಲ್ಲಿ ಕೂತಿದ್ದ ಸ್ಟಾಪ್. ಅವನಿಗೆ ಕೇಳಿಸಲಿ ಎಂದೇ ಅವಳು ಗಟ್ಟಿಯಾಗಿ ಹೇಳಿದಳು ಸ್ಟಾಪ್. ಕೋಟು ತೆಗಿ.”

ಗಿಳಿಯ ಕೆಂಪು ಪೆನ್ನು ಪ್ರೂಫಿನ ಅಂಚಿನಲ್ಲಿ ಓಡಿ ಬಂದು ಅಲ್ಲಿ ನಿಂತಿತು.

“ನಾನು ಹೋಗ್ತೀನಿ ರೀ. ಎರಡು ವರ್ಷ. ಸೋಮವಾರದೊಳಗೆ ಉತ್ತರ ಬರೀಬೇಕು, ನಾಳೆ ಬರೀತೀನಿ. ನೀವು ಬಂದ್ರೆ ನನಗೆ ಸಂತೋಷ. ಬರದಿದ್ರೂ ನಾನು ಹೋಗ್ತೀನಿ.”

ಈ ಸಲ ಕಾಮಾ ಇಲ್ಲ, ಸ್ಟಾಪು ಇಲ್ಲ. ಅವನ್ನು ಹೇಳಲು ಅತ್ತಿಗೆ ಮರೆತಿದ್ದರು. ಗಿಳಿಯೇ ಅಂದಾಜಿನ ಮೇಲೆ ಹಾಕಿಕೊಂಡಳು, ಕೋಟನ್ನೂ ಮುಚ್ಚಿದಳು.

ಪರದೆ ಸರಿಯಿತು. ಹಣೆಯ ಮೇಲಕ್ಕೆ ಭೂತಗನ್ನಡಿ ಸರಿಸಿಕೊಂಡು ಅಣ್ಣ ನಿಂತಿದ್ದ. ಕೈಯಲ್ಲಿ ಮುಚ್ಚಳ ಬಿಚ್ಚಿದ ಒಂದು ಕೈಗಡಿಯಾರ. ಅವನು ಹೆಂಡತಿಯನ್ನು ನೋಡಿದ, ಅವಳ ಕೈಯ ಖಾಲಿ ಹಾಳೆಯನ್ನು ನೋಡಿದ. ಬಾಯಿ ತೆರೆದ.

“ನೋ…” ಎಂದ.

ಏಳರಲ್ಲಿ ಯಾವುದು? ಅಣ್ಣ ಆ ಅಕ್ಷರವನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತ. ಬಿಸಿ ತುತ್ತನ್ನು ನುಂಗಲೂ ಆರದೆ ಉಗುಳಲೂ ಆರದೆ ನಿಂತವನ ಹಾಗೆ. ಆಮೇಲೆ ನುಂಗಿದ.

“ಹೋದ ವರ್ಷ ಕಾಗದ ಅಂದೆಯಲ್ಲ, ಇದೇನಾ?”

“ಇದೇ.”

“ನಾನು… ಕರೆಂಟ್ ಬಿಲ್ಲಿನ ಕಾಗದವೋ ಏನೋ ಅಂದ್ಕೊಂಡೆ.”

“ತಲೆ ಎತ್ತಿದ್ರೆ ಗೊತ್ತಾಗ್ತಿತ್ತು.”

ಅಣ್ಣ ಕೈಯ ಗಡಿಯಾರವನ್ನು ಕಿವಿಗೆ ಹಿಡಿದು, ಅದು ನಡೆಯುತ್ತಿದೆಯೋ ನಿಂತಿದೆಯೋ ಎಂದು ಕೇಳಿಸಿಕೊಳ್ಳುವವನ ಹಾಗೆ ಕತ್ತು ಓರೆ ಮಾಡಿದ. ಅದು ನಿಂತ ಗಡಿಯಾರ ಎಂದು ಮೂವರಿಗೂ ಗೊತ್ತಿತ್ತು.

“ಆ ಊರಲ್ಲಿ ಗಡಿಯಾರ ಕೆಡುತ್ವಾ?” ಎಂದ.

ಅತ್ತಿಗೆ ನಗಲಿಲ್ಲ. “ಎಲ್ಲಾ ಊರಲ್ಲೂ ಕೆಡುತ್ವೆ,” ಎಂದರು. ಆಮೇಲೆ ಕಣ್ಣು ಪಕ್ಕಕ್ಕೆ ಹೊರಳಿತು. “ಏಯ್! ಪೆನ್ನು ಕೆಳಗಿಡು. ಇದು ನಿನ್ನ ಪ್ರೂಫಿಗಲ್ಲ.”

ಗಿಳಿ ಬೆಂಕಿ ಮುಟ್ಟಿದವಳಂತೆ ಪೆನ್ನು ಬಿಟ್ಟಳು. ಕೈ ತಾನಾಗಿ ‘ಆ ಊರಲ್ಲಿ’ ಎಂಬಷ್ಟನ್ನು ಬರೆದಾಗಿತ್ತು. ಅತ್ತಿಗೆ ಪ್ರೂಫು ಎಳೆದುಕೊಂಡು ಆ ಎರಡು ಪದವನ್ನು ಅಡ್ಡಗೆರೆ ಹಾಕಿ ಹೊಡೆದರು. ಅಂಚಿನ ಉಳಿದ ಸಾಲುಗಳನ್ನು ತುಟಿಯಾಡಿಸುತ್ತ ಓದಿದರು, ಒಂದಲ್ಲ, ಎರಡು ಸಲ. ಗೋಡೆಯ ಗಡಿಯಾರಗಳಲ್ಲಿ ಸರಿಯಿದ್ದದ್ದು ಒಂದೇ. ಅದರಲ್ಲಿ ನಾಲ್ಕಕ್ಕೆ ಹದಿಮೂರು ನಿಮಿಷ. ಗಿಳಿ ಅದನ್ನೂ ನೋಡಲಿಲ್ಲ, ಅಣ್ಣನನ್ನೂ ನೋಡಲಿಲ್ಲ. ಅತ್ತಿಗೆಯ ಕೈಯನ್ನೇ ನೋಡುತ್ತಿದ್ದಳು. ಬೇಡ ಎಂದರೆ ಬೇಡ. ಆ ಕೈ ಏನು ಮಾಡಿದರೂ ತಾನು ತುಟಿಪಿಟಕ್ಕೆನ್ನಬಾರದು.

ಅತ್ತಿಗೆ ಪುಟದಡಿಗೆ ಬಂದರು. ‘ಓದಿದವರು’ ಎಂಬಲ್ಲಿ ತಮ್ಮ ಆಸ್ಪತ್ರೆಯ ರುಜು ಹಾಕಿದರು. ಔಷಧಿ ಅಂಗಡಿಯವರೂ ಓದಲಾಗದೆ ಬಿಟ್ಟ ರುಜು ಅದು. ಎರಡು ಸುಳಿ, ಒಂದು ಬಾಲ. ಪಕ್ಕದಲ್ಲಿ ಹೊತ್ತು: 3.47.

“ನಿನ್ನದು ಹಾಕು.”

ಗಿಳಿ ‘ನೋಡಿದವರು’ ಎಂಬಲ್ಲಿ ರುಜು ಮಾಡಿದಳು. ಅಕ್ಷರ ಸೊಟ್ಟಗಾಯಿತು. ಕಟ್ಟನ್ನು ಎದೆಗವಚಿಕೊಂಡು ಏನೋ ಹೇಳಲು ಹೋದಳು. ಅತ್ತಿಗೆ ಕೈ ಅಡ್ಡ ಮಾಡಿದರು.

“ಈಗಲ್ಲ. ಓಡು. ಸಂಜೆ ಬಾ, ನಿನ್ನ ಜೊತೆ ನನಗೆ ಬೇರೆ ಮಾತಿದೆ. ಗೋಡೆಯಾಚೆಯಿಂದ ಅಲ್ಲ, ಎದುರಿಗೆ ಕೂತು ಕೇಳಿಸ್ಕೊ.”

ಗಿಳಿ ತಲೆಯಾಡಿಸಿ, ಎಡದ ಚಪ್ಪಲಿಗೆ ಬಲಗಾಲು ತೂರಿಸಿಕೊಂಡೇ ಬೀದಿಗೆ ಓಡಿದಳು.